ಐದು ಮಂದಿಯ ನೆಟ್‌ಬಾಲ್: ಮಕ್ಕಳಿಗೆ ಸರದಿಯ ಆಟ ಆಡಿಸುವ ಬಗೆ

ಚೆಂಡನ್ನು ಪುಟಿಸದೆ ಕೈಯಿಂದ ಕೈಗೆ ಎಸೆಯುತ್ತ ಸಾಗಿ, ಕಂಬದ ತುದಿಯ ಬಳೆಯೊಳಗೆ ಹಾಕುವ ಆಟ ನೆಟ್‌ಬಾಲ್. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ 9ರಿಂದ 11 ವರ್ಷದ ಮಕ್ಕಳು ಆಡುವ ಪುಟ್ಟ ನೆಟ್‌ಬಾಲಿಗೆ ‘ಹೈ ಫೈವ್’ ಎಂದು ಹೆಸರು. ಅಲ್ಲಿನ ಕ್ರೀಡಾಸಂಸ್ಥೆಯಾದ ಇಂಗ್ಲೆಂಡ್ ನೆಟ್‌ಬಾಲ್ ರೂಪಿಸಿದ ಈ ಆಟದಲ್ಲಿ ಒಂದು ಕಡೆಗೆ ಏಳರ ಬದಲು ಐದೇ ಮಂದಿ ಅಂಕಣದಲ್ಲಿರುತ್ತಾರೆ. ತಂಡದಲ್ಲಿರುವ ಏಳರಿಂದ ಒಂಬತ್ತು ಮಕ್ಕಳು ಪ್ರತಿ ಅವಧಿ ಮುಗಿದೊಡನೆ ಸ್ಥಾನ ಬದಲಿಸುತ್ತಾರೆ. ಅಂಕಣದ ಹೊರಗೆ ಉಳಿದವರು ಸುಮ್ಮನೆ ಕೂರದೆ ಸಮಯ ನೋಡುವ, ಅಂಕ ಬರೆಯುವ ಕೆಲಸ ಮಾಡುತ್ತಾರೆ. ಮಗಳ ಶಾಲೆಯಲ್ಲಿ ಸಂಜೆಯ ಆಟಕ್ಕೆ ಸ್ವಯಂಸೇವಕಿಯಾಗಿ ನಿಂತು ನಾನು ಈ ಆಟವನ್ನು ಕಲಿತೆ. ನಿಯಮಗಳು ಒಂದು ಸಂಜೆಯಲ್ಲಿ ತಲೆಗೆ ಹತ್ತಿದವು, ಸರದಿಯನ್ನು ನ್ಯಾಯವಾಗಿ ನಡೆಸುವುದನ್ನು ಕಲಿಯಲು ಮಾತ್ರ ಶಾಲೆಯ ಒಂದು ಇಡೀ ಟರ್ಮ್ ಬೇಕಾಯಿತು. ಆದ್ದರಿಂದ ಈ ಲೇಖನದಲ್ಲಿ ಆಟದ ಕ್ರಮವನ್ನು ಬೇಗ ಹೇಳಿ, ಸರದಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸರದಿ ಏಕೆ ಬೇಕು ಎಂಬುದಕ್ಕೆ ಆಟದ ಹುಟ್ಟಿನಲ್ಲೇ ಕಾರಣವಿದೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆರಂಭಿಸಿದ ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ಅದನ್ನು ತಮ್ಮ ಕಾಲೇಜಿನ ಹುಡುಗಿಯರಿಗೆ ಒಗ್ಗಿಸುವಾಗ ಅಂಕಣವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬರೂ ತಮ್ಮ ಭಾಗದಲ್ಲೇ ಆಡಬೇಕೆಂದು ಗೆರೆ ಎಳೆದರು. ಹುಡುಗಿಯರು ಹೆಚ್ಚು ಓಡಬಾರದು ಎಂಬ ಅಂದಿನ ಕಾಲದ ಭಾವನೆ ಆ ಗೆರೆಯ ಹಿಂದಿತ್ತು. ಅದೇ ಆಟ ಇಂಗ್ಲೆಂಡಿಗೆ ಬಂದು ನೆಟ್‌ಬಾಲ್ ಆಯಿತು. ಭಾವನೆ ಹೋಯಿತು, ಗೆರೆ ಉಳಿಯಿತು. ಆ ಗೆರೆಯಿಂದ ಆಟಕ್ಕೆ ಬಂದ ಜಾಣ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹತ್ತು ವರ್ಷದ ಎತ್ತರದ ಹುಡುಗಿಯೊಬ್ಬಳನ್ನು ವರ್ಷವಿಡೀ ಕಂಬದ ಕೆಳಗೇ ನಿಲ್ಲಿಸಿದರೆ ಅವಳು ಚೆಂಡು ಎಸೆಯುವುದನ್ನಷ್ಟೇ ಕಲಿಯುತ್ತಾಳೆ, ಓಡುವುದನ್ನೂ ತಡೆಯುವುದನ್ನೂ ಕಲಿಯುವುದೇ ಇಲ್ಲ.

ಅಂಕಣ ಮತ್ತು ಸಾಮಾನು

ಮೊದಲು ಅಂಕಣವನ್ನು ಗುರುತಿಸಿಕೊಳ್ಳಿ. ನೆಟ್‌ಬಾಲ್ ಅಂಕಣ 30.5 ಮೀಟರ್ ಉದ್ದ, 15.25 ಮೀಟರ್ ಅಗಲ ಇರುತ್ತದೆ. ಉದ್ದವನ್ನು ಎರಡು ಅಡ್ಡಗೆರೆಗಳಿಂದ ಮೂರು ಸಮಭಾಗ ಮಾಡಬೇಕು. ಎರಡೂ ತುದಿಗೆರೆಗಳ ನಡುಬಿಂದುವಿಗೆ ಹಗ್ಗದ ಒಂದು ತುದಿ ಹಿಡಿದು 4.9 ಮೀಟರ್ ತ್ರಿಜ್ಯದ ಅರ್ಧವೃತ್ತ ಎಳೆದರೆ ಅದು ಗೋಲು ವೃತ್ತವಾಗುತ್ತದೆ. ಅಂಕಣದ ನಟ್ಟನಡುವೆ 0.9 ಮೀಟರ್ ವ್ಯಾಸದ ಪುಟ್ಟ ವೃತ್ತವೊಂದು ಬೇಕು, ಆಟ ಅಲ್ಲಿಂದ ಶುರುವಾಗುತ್ತದೆ.

ದೊಡ್ಡವರ ಆಟದಲ್ಲಿ ಬಳೆ 3.05 ಮೀಟರ್ ಎತ್ತರದಲ್ಲಿದ್ದರೆ ಹೈ ಫೈವ್‌ನಲ್ಲಿ ಅದನ್ನು 2.74 ಮೀಟರಿಗೆ, ಅಂದರೆ ಒಂಬತ್ತು ಅಡಿಗೆ ಇಳಿಸುತ್ತಾರೆ. ಚೆಂಡು 5ನೇ ಅಳತೆಯದಲ್ಲ, 4ನೇ ಅಳತೆಯದು. ಈ ಎರಡು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಎತ್ತರ ಹೆಚ್ಚಾದರೆ ಮಕ್ಕಳು ಗುರಿ ಇಡುವುದನ್ನು ಬಿಟ್ಟು, ಬೆನ್ನು ಬಾಗಿಸಿ ಇದ್ದಬದ್ದ ಬಲವನ್ನೆಲ್ಲ ಹಾಕಿ ಚೆಂಡನ್ನು ಮೇಲಕ್ಕೆ ತೂರುತ್ತಾರೆ, ಒಮ್ಮೆ ಅಂಟಿದ ಆ ಅಭ್ಯಾಸವನ್ನು ಬಿಡಿಸುವುದು ಕಷ್ಟ. ಬಳೆಯ ಹಿಂದೆ ಹಲಗೆ ಇರುವುದಿಲ್ಲ ಎಂಬುದನ್ನೂ ನೆನಪಿಡಿ. ಇವಲ್ಲದೆ ಸ್ಥಾನದ ಅಕ್ಷರ ಬರೆದ ಎರಡು ಬಣ್ಣದ ಬಿಬ್‌ಗಳು (ಅಂಗಿಯ ಮೇಲೆ ತೊಡುವ ಮೇಲುಡುಗೆ), ಸೀಟಿ, ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಇದ್ದರೆ ಸಾಮಾನು ಮುಗಿಯಿತು.

ಐದು ಸ್ಥಾನಗಳು

ಪೂರ್ಣ ಆಟದ ಏಳು ಸ್ಥಾನಗಳಿಂದ ವಿಂಗ್ ಅಟ್ಯಾಕ್, ವಿಂಗ್ ಡಿಫೆನ್ಸ್ ಎಂಬೆರಡನ್ನು ತೆಗೆದರೆ ಉಳಿಯುವುದೇ ಈ ಐದು. ಗೋಲ್ ಶೂಟರ್ ಆದವರು ತಮ್ಮ ತಂಡ ಗೋಲು ಹಾಕುವ ಕಡೆಯ ಮೂರನೇ ಒಂದು ಭಾಗದಲ್ಲಷ್ಟೇ ಓಡಾಡಬಹುದು. ಗೋಲ್ ಅಟ್ಯಾಕ್‌ಗೆ ಆ ಭಾಗದ ಜೊತೆ ನಡುಭಾಗವೂ ಸಿಗುತ್ತದೆ. ಸೆಂಟರ್‌ಗೆ ಮೂರು ಭಾಗವೂ ತೆರೆದಿದೆ, ಎರಡು ಗೋಲು ವೃತ್ತಗಳು ಮಾತ್ರ ನಿಷಿದ್ಧ. ಗೋಲ್ ಡಿಫೆನ್ಸ್ ನಡುಭಾಗದಲ್ಲೂ ತಮ್ಮ ಕಾವಲಿನ ಭಾಗದಲ್ಲೂ ಆಡುತ್ತಾರೆ. ಗೋಲ್ ಕೀಪರ್‌ಗೆ ಕಾವಲಿನ ಭಾಗವೊಂದೇ. ಗೋಲು ಹಾಕುವ ಹಕ್ಕು ಶೂಟರ್ ಮತ್ತು ಅಟ್ಯಾಕ್ ಇಬ್ಬರಿಗೇ ಇರುತ್ತದೆ, ಅದೂ ವೃತ್ತದೊಳಗಿದ್ದಾಗ.

ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಬಿಬ್ ಹಾಕಿಸಿ, ಚೆಂಡಿಲ್ಲದೆಯೇ, “ನಿಮ್ಮ ನಿಮ್ಮ ಮನೆಯ ಗಡಿ ಸುತ್ತಿ ಬನ್ನಿ” ಎಂದು ಒಂದು ನಿಮಿಷ ಓಡಿಸಿ. ಶೂಟರ್ ಬಿಬ್ ತೊಟ್ಟ ಮಗು ಅಡ್ಡಗೆರೆಯ ಬಳಿ ಗಕ್ಕನೆ ನಿಂತು, ಇನ್ನೊಂದು ಬದಿಯಲ್ಲಿ ಓಡುತ್ತಿರುವ ಸೆಂಟರನ್ನು ಹೊಟ್ಟೆಕಿಚ್ಚಿನಿಂದ ನೋಡಿದರೆ ಪಾಠ ತಲೆಗೆ ಹೋಗಿದೆ ಎಂದೇ ಅರ್ಥ.

ಆಟ ಆರಂಭಿಸುವುದು

ಸೀಟಿ ಊದುವ ಮೊದಲು ನಡುಭಾಗದಲ್ಲಿ ಇಬ್ಬರು ಸೆಂಟರ್‌ಗಳನ್ನು ಬಿಟ್ಟು ಬೇರೆ ಯಾರೂ ಇರಬಾರದು. ಚೆಂಡು ಹಿಡಿದ ಸೆಂಟರ್ ನಡುವಿನ ಪುಟ್ಟ ವೃತ್ತದಲ್ಲಿ ನಿಲ್ಲುತ್ತಾರೆ. ಸೀಟಿಯಾದ ಕೂಡಲೇ ಎರಡೂ ತಂಡದ ಗೋಲ್ ಅಟ್ಯಾಕ್, ಗೋಲ್ ಡಿಫೆನ್ಸ್‌ಗಳು ನಡುಭಾಗಕ್ಕೆ ನುಗ್ಗುತ್ತಾರೆ, ಮೊದಲ ಎಸೆತ ನಡುಭಾಗದಲ್ಲೇ ಯಾರಾದರೊಬ್ಬರ ಕೈ ಸೇರಬೇಕು. ಗೋಲು ಯಾರೇ ಹಾಕಿರಲಿ, ಮುಂದಿನ ಆರಂಭದ ಎಸೆತ ಒಂದು ಬಾರಿ ಇವರಿಗೆ, ಒಂದು ಬಾರಿ ಅವರಿಗೆ ಎಂಬಂತೆ ಬದಲಾಗುತ್ತ ಹೋಗುತ್ತದೆ. ಈ ಲೆಕ್ಕ ತಪ್ಪಿದಷ್ಟು ಜಗಳ ಈ ಆಟದಲ್ಲಿ ಬೇರೆ ಯಾವುದರಿಂದಲೂ ಆಗುವುದನ್ನು ನಾನು ಕಂಡಿಲ್ಲ. ಇದರ ಲೆಕ್ಕ ಇಡಲೆಂದೇ ಹೊರಗಿರುವ ಒಂದು ಮಗುವಿಗೆ ಕೆಲಸ ಕೊಡಬೇಕು.

ಆಟಕ್ಕೆ ನಾಲ್ಕು ಅವಧಿಗಳು, ಒಂದೊಂದೂ 6 ನಿಮಿಷ. ನಡುವೆ ಬಿಬ್ ಬದಲಿಸಲು ನಾನು ಎರಡು ನಿಮಿಷ ಕೊಡುತ್ತೇನೆ. ಮಳೆಯಲ್ಲಿ ಒದ್ದೆಯಾದ ಬಿಬ್ಬನ್ನು ಬಿಚ್ಚಿ ಇನ್ನೊಬ್ಬರಿಗೆ ತೊಡಿಸುವುದು ಹೊರಗೆ ನಿಂತು ನೋಡುವವರಿಗೆ ಕಾಣುವಷ್ಟು ಸಲೀಸಲ್ಲ.

ಚೆಂಡು ಕೈಗೆ ಬಂದ ಮೇಲೆ

ನೆಟ್‌ಬಾಲಿನಲ್ಲಿ ಚೆಂಡನ್ನು ಪುಟಿಸುತ್ತ ಓಡುವಂತಿಲ್ಲ. ಹಿಡಿದವರು ನಿಲ್ಲಬೇಕು, ನೋಡಬೇಕು, ಎಸೆಯಬೇಕು. ಪೂರ್ಣ ಆಟದಲ್ಲಿ ಚೆಂಡನ್ನು ಮೂರು ಸೆಕೆಂಡು ಇಟ್ಟುಕೊಳ್ಳಬಹುದಾದರೆ ಹೈ ಫೈವ್‌ನಲ್ಲಿ ನಾಲ್ಕು ಸೆಕೆಂಡು ಸಿಗುತ್ತದೆ. ಒಂದು ಸೆಕೆಂಡಿನಲ್ಲಿ ಏನು ಮಹಾ ವ್ಯತ್ಯಾಸ ಎನಿಸಬಹುದು. ಹೊಸದಾಗಿ ಕಲಿಯುವ ಮಗು ಮೊದಲ ಎರಡು ಸೆಕೆಂಡನ್ನು ಚೆಂಡು ತನ್ನ ಕೈಗೆ ಬಂದಿತಲ್ಲ ಎಂಬ ಬೆರಗಿನಲ್ಲೇ ಕಳೆದುಬಿಡುತ್ತದೆ, ಉಳಿದೆರಡರಲ್ಲಿ ತಲೆ ಎತ್ತಿ ನೋಡಲು ಅದಕ್ಕೆ ಸಾಧ್ಯವಾಗುತ್ತದೆ.

ಕಾಲಿನ ನಿಯಮವೇ ಎಲ್ಲಕ್ಕಿಂತ ತೊಡಕಿನದು. ಚೆಂಡು ಹಿಡಿಯುವಾಗ ಬಲಗಾಲು ಮೊದಲು ನೆಲ ಮುಟ್ಟಿತು ಎಂದಿಟ್ಟುಕೊಳ್ಳಿ. ಆಗ ಎಡಗಾಲನ್ನು ಎತ್ತ ಬೇಕಾದರೂ ಇಡಬಹುದು, ಬಲಗಾಲಿನ ಮೇಲೆ ತಿರುಗಲೂಬಹುದು. ಬಲಗಾಲನ್ನು ಎತ್ತುವುದಕ್ಕೂ ಅಡ್ಡಿಯಿಲ್ಲ, ಆದರೆ ಎತ್ತಿದ ಆ ಕಾಲು ಮತ್ತೆ ನೆಲ ತಾಕುವ ಮೊದಲು ಚೆಂಡು ಕೈಬಿಟ್ಟಿರಬೇಕು. ಇದನ್ನು ಕಲಿಸಲು ನಾನು ಚೆಂಡಿಲ್ಲದ ಆಟವೊಂದನ್ನು ಆಡಿಸುತ್ತೇನೆ. ಮಕ್ಕಳು ಓಡುತ್ತಿರುವಾಗ ಚಪ್ಪಾಳೆ ತಟ್ಟುತ್ತೇನೆ, ಮೊದಲು ಊರಿದ ಕಾಲಿಗೆ ‘ಬೇರು’ ಎಂದು ಹೆಸರಿಟ್ಟು ಅವರು ಅಲ್ಲೇ ನಿಲ್ಲಬೇಕು, ಇನ್ನೊಂದು ಕಾಲನ್ನು ಮಾತ್ರ ಗಡಿಯಾರದ ಮುಳ್ಳಿನಂತೆ ಸುತ್ತಿಸಬೇಕು. ಹತ್ತು ನಿಮಿಷ ಇದನ್ನು ಮಾಡಿದರೆ ಪಂದ್ಯದಲ್ಲಿ ಸೀಟಿ ಊದುವ ಕೆಲಸ ಅರ್ಧಕ್ಕಿಳಿಯುತ್ತದೆ.

ಎಸೆತದಲ್ಲಿ ಎದೆಯ ಮಟ್ಟದಿಂದ ಎರಡೂ ಕೈಗಳಲ್ಲಿ ತಳ್ಳುವುದು, ಭುಜದ ಮೇಲಿಂದ ಒಂದು ಕೈಯಲ್ಲಿ ದೂರಕ್ಕೆ ಎಸೆಯುವುದು, ಎದುರಾಳಿಯ ಕೈಗಳ ಕೆಳಗಿಂದ ಒಮ್ಮೆ ಪುಟಿಸಿ ದಾಟಿಸುವುದು, ಇಷ್ಟು ಸಾಕು. ಒಂದು ನಿಯಮವನ್ನು ಮಾತ್ರ ಮರೆಯಬಾರದು: ಅಂಕಣದ ಒಂದು ಇಡೀ ಭಾಗವನ್ನು ಯಾರೂ ಮುಟ್ಟದಂತೆ ಚೆಂಡು ಹಾರಿಹೋಗಬಾರದು. ಕೀಪರ್ ಎಸೆದ ಚೆಂಡು ನೇರ ಶೂಟರ್ ಕೈ ಸೇರಿದರೆ ಅದು ಎಷ್ಟೇ ಸೊಗಸಾದ ಎಸೆತವಾಗಿರಲಿ, ತಪ್ಪು ತಪ್ಪೇ.

ಗೋಲು ಎಸೆಯುವವರು ಕಾಲುಗಳನ್ನು ಭುಜದಗಲಕ್ಕೆ ಇಟ್ಟು, ಚೆಂಡನ್ನು ತಲೆಯ ಮೇಲೆ ಬೆರಳ ತುದಿಗಳಲ್ಲಿ ಹಿಡಿದು, ಮಂಡಿ ಬಗ್ಗಿಸಿ, ನೇರವಾಗುತ್ತಲೇ ಮೇಲಕ್ಕೆ ಕಳಿಸಬೇಕು. ಹಲಗೆಯಿಲ್ಲದ ಕಾರಣ ಚೆಂಡು ಎತ್ತರದ ಕಮಾನಿನಲ್ಲಿ ಹೋಗಿ ಬಳೆಯೊಳಗೆ ಬೀಳಬೇಕು, ನೇರವಾಗಿ ಬೀಸಿದ ಚೆಂಡು ಬಳೆಯ ಅಂಚಿಗೆ ಬಡಿದು ಹಿಂದಕ್ಕೆ ಬರುತ್ತದೆ.

ತಪ್ಪುಗಳು

ಕಾಲಿನ ತಪ್ಪು, ಗಡಿ ದಾಟಿದ್ದು, ಚೆಂಡನ್ನು ಹೆಚ್ಚು ಹೊತ್ತು ಹಿಡಿದದ್ದು ಇಂಥವಕ್ಕೆ ಎದುರು ತಂಡಕ್ಕೆ ಫ್ರೀ ಪಾಸ್ ಕೊಡಿ. ಮೈಗೆ ತಾಗಿ ಆಡಿದ್ದಕ್ಕೆ, ತೀರ ಹತ್ತಿರ ನಿಂತು ತಡೆದದ್ದಕ್ಕೆ ಪೆನಾಲ್ಟಿ ಪಾಸ್ ಕೊಡಬೇಕು. ಆಗ ತಪ್ಪು ಮಾಡಿದವರು ಎಸೆಯುವವರ ಪಕ್ಕಕ್ಕೆ ಬಂದು, ಚೆಂಡು ಕೈಬಿಡುವ ತನಕ ಆಟದಲ್ಲಿ ಭಾಗವಹಿಸದೆ ನಿಲ್ಲಬೇಕು. ತಡೆಯುವವರು ಎಷ್ಟು ದೂರ ನಿಲ್ಲಬೇಕೆಂಬುದಕ್ಕೆ ಪೂರ್ಣ ಆಟದ ಅಳತೆ 0.9 ಮೀಟರ್. ಮಕ್ಕಳಿಗೆ ನಾನು ‘ಒಂದು ದೊಡ್ಡ ಹೆಜ್ಜೆ’ ಎಂದೇ ಹೇಳುತ್ತೇನೆ. ಸೀಟಿ ಊದಿದವರು ತಪ್ಪು ಏನೆಂದು ಒಂದೇ ವಾಕ್ಯದಲ್ಲಿ ಹೇಳಿ ಆಟ ಮುಂದುವರಿಸಬೇಕು. ಭಾಷಣ ಶುರುವಾದರೆ 6 ನಿಮಿಷದ ಅವಧಿಯಲ್ಲಿ ಆಟಕ್ಕೆ ಉಳಿಯುವುದೇನೂ ಇಲ್ಲ.

ಸರದಿ

ಇನ್ನು ಮುಖ್ಯ ವಿಷಯ. ಏಳು ಮಕ್ಕಳ ತಂಡವಾದರೆ ಏಳು ಜಾಗಗಳಿರುತ್ತವೆ: ಅಂಕಣದ ಐದು ಸ್ಥಾನ, ಸಮಯ ನೋಡುವುದು, ಅಂಕ ಬರೆಯುವುದು. ಮೊದಲ ಬಾರಿ ನಾನು ಮಾಡಿದ್ದು ಎಲ್ಲರಿಗೂ ತಟ್ಟನೆ ಹೊಳೆಯುವ ಕ್ರಮವನ್ನೇ: ಕೀಪರ್ ಆದವರು ಡಿಫೆನ್ಸ್‌ಗೆ, ಡಿಫೆನ್ಸ್‌ನವರು ಸೆಂಟರ್‌ಗೆ, ಅಲ್ಲಿಂದ ಅಟ್ಯಾಕ್‌ಗೆ, ಶೂಟರ್‌ಗೆ, ಸಮಯಕ್ಕೆ, ಅಂಕಕ್ಕೆ, ಮತ್ತೆ ಕೀಪರ್‌ಗೆ. ಅಂಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಸಾಗುವ ಈ ಕ್ರಮ ನೋಡಲು ಅಚ್ಚುಕಟ್ಟಾಗಿದೆ. ಪಂದ್ಯ ಮುಗಿದಾಗ ಅಟ್ಯಾಕ್‌ನಿಂದ ಆರಂಭಿಸಿದ್ದ ನನ್ನ ಮಗಳು ಸ್ಟಾಪ್‌ವಾಚನ್ನು ಕೊರಳಿಗೆ ಸುತ್ತಿಕೊಂಡೇ ಬಂದು, “ಅಮ್ಮಾ, ಅರ್ಧ ಆಟ ನಾನು ಬೆಂಚಲ್ಲೇ ಇದ್ನಲ್ಲಾ” ಎಂದಳು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಅಟ್ಯಾಕ್, ಶೂಟರ್, ಸಮಯ, ಅಂಕ, ಇಷ್ಟರಲ್ಲೇ ಅವಳ ನಾಲ್ಕು ಅವಧಿ ಮುಗಿದಿತ್ತು, ಒಮ್ಮೆಯೂ ಚೆಂಡು ತಡೆಯುವ ಸ್ಥಾನ ಸಿಕ್ಕಿರಲಿಲ್ಲ. ಕೀಪರ್ ಆಗಿ ಆರಂಭಿಸಿದ ಹುಡುಗ ನಾಲ್ಕೂ ಅವಧಿ ಅಂಕಣದಲ್ಲಿದ್ದ, ಡಿಫೆನ್ಸ್‌ನಿಂದ ಆರಂಭಿಸಿದವಳೂ ಹಾಗೆಯೇ. ಸರದಿ ಇದ್ದೂ ನ್ಯಾಯ ಇರಲಿಲ್ಲ.

ತಪ್ಪು ಎಲ್ಲಿತ್ತೆಂದರೆ, ಹೊರಗಿನ ಎರಡು ಜಾಗಗಳು ಪಕ್ಕಪಕ್ಕದಲ್ಲಿದ್ದವು, ಅಂಕಣದ ಸ್ಥಾನಗಳು ಒಂದೇ ಸಾಲಿನಲ್ಲಿದ್ದವು. ಅವುಗಳನ್ನು ಒಂದರೊಳಗೊಂದು ಹೆಣೆಯಬೇಕು. ಈಗ ನಾನು ಬಳಸುವ ಚಕ್ರ ಇದು: ಶೂಟರ್, ಡಿಫೆನ್ಸ್, ಸಮಯ, ಸೆಂಟರ್, ಕೀಪರ್, ಅಂಕ, ಅಟ್ಯಾಕ್, ಅಲ್ಲಿಂದ ಮತ್ತೆ ಶೂಟರ್. ಪ್ರತಿ ಅವಧಿ ಮುಗಿದಾಗ ಎಲ್ಲರೂ ಈ ಚಕ್ರದಲ್ಲಿ ಒಂದು ಮನೆ ಮುಂದಕ್ಕೆ ಸರಿಯುತ್ತಾರೆ. ಐದು ಸ್ಥಾನ, ನಾಲ್ಕು ಅವಧಿ ಎಂದರೆ ಒಟ್ಟು ಇಪ್ಪತ್ತು ಪಾಲು. ಏಳು ಮಕ್ಕಳಿಗೆ ಅದು ಸಮನಾಗಿ ಹಂಚಿಹೋಗುವುದಿಲ್ಲ. ಈ ಚಕ್ರದಲ್ಲಿ ಆರು ಮಕ್ಕಳಿಗೆ ಮೂರು ಮೂರು ಅವಧಿ, ಸಮಯ ನೋಡುತ್ತ ಆರಂಭಿಸಿದವರಿಗೆ ಎರಡು ಅವಧಿ ಸಿಗುತ್ತದೆ, ಇದಕ್ಕಿಂತ ಸಮನಾದ ಹಂಚಿಕೆ ಸಾಧ್ಯವಿಲ್ಲ. ಡಿಫೆನ್ಸ್‌ನಿಂದಲೂ ಸಮಯದಿಂದಲೂ ಆರಂಭಿಸಿದ ಇಬ್ಬರಿಗೆ ಮಾತ್ರ ಆ ಪಂದ್ಯದಲ್ಲಿ ಗೋಲು ಹಾಕುವ ಅವಕಾಶ ಬರುವುದಿಲ್ಲ. ಅದಕ್ಕೇ ಮುಂದಿನ ಪಂದ್ಯವನ್ನು ಹೊಸದಾಗಿ ಶುರುಮಾಡದೆ, ಹಿಂದಿನ ಪಂದ್ಯ ನಿಂತ ಮನೆಯಿಂದ ಒಂದು ಮನೆ ಮುಂದೆ ಎಲ್ಲರನ್ನೂ ನಿಲ್ಲಿಸಬೇಕು. ಹಾಗೆ ಮಾಡಿದರೆ ಮೊದಲಿನವರು ಅಂಕ ಬರೆದು ಅಟ್ಯಾಕ್‌ಗೆ ಬರುತ್ತಾರೆ, ಎರಡನೆಯವರು ಪಂದ್ಯದ ಆರಂಭದಲ್ಲೇ ಅಟ್ಯಾಕ್ ಆಗಿರುತ್ತಾರೆ. ನೋಟ್‌ಬುಕ್ ಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಎಂಟು ಮಕ್ಕಳಿದ್ದರೆ ಹೊರಗೆ ಮೂರು ಕೆಲಸ ಬೇಕಾಗುತ್ತದೆ. ಶೂಟರ್, ಡಿಫೆನ್ಸ್, ಹೊರಗೆ, ಸೆಂಟರ್, ಹೊರಗೆ, ಕೀಪರ್, ಹೊರಗೆ, ಅಟ್ಯಾಕ್ ಎಂದು ಚಕ್ರ ಮಾಡಿ. ಒಂಬತ್ತು ಮಕ್ಕಳಾದರೆ ಶೂಟರ್ ಮತ್ತು ಡಿಫೆನ್ಸ್ ನಡುವೆ ಇನ್ನೊಂದು ‘ಹೊರಗೆ’ ಸೇರಿಸಿದರಾಯಿತು. ಎರಡರಲ್ಲೂ ಯಾರಿಗೂ ಎರಡು ಅವಧಿಗಿಂತ ಕಡಿಮೆಯಾಗಲೀ ಮೂರಕ್ಕಿಂತ ಹೆಚ್ಚಾಗಲೀ ಬರುವುದಿಲ್ಲ.

ಚಕ್ರ ಕೈಯಲ್ಲಿದ್ದರೂ ಅದನ್ನು ಮುರಿಯುವ ಆಸೆ ನಿಮಗೆ ಬಂದೇ ಬರುತ್ತದೆ. ಕೊನೆಯ ಅವಧಿ, ಒಂದು ಗೋಲಿನ ಅಂತರ, ಚೆನ್ನಾಗಿ ಗುರಿ ಇಡುವ ಮಗು ಆಗ ಕೀಪರ್ ಬಿಬ್ಬಿನಲ್ಲಿ ಆ ತುದಿಯಲ್ಲಿ ನಿಂತಿರುತ್ತದೆ. ಬೇಲಿಯಾಚೆ ನಿಂತ ಅಪ್ಪಂದಿರು ಅದನ್ನು ನಿಮಗೆ ಕೂಗಿ ಹೇಳುತ್ತಾರೆ ಕೂಡ. ಬದಲಿಸಬೇಡಿ. ಎದುರು ತಂಡವೂ ಇದೇ ರೀತಿ ಸರದಿಯಲ್ಲಿ ಆಡುತ್ತಿರುವುದರಿಂದ ಅವರ ಒಳ್ಳೆಯ ಶೂಟರ್ ಕೂಡ ಆಗ ಎಲ್ಲೋ ಅಂಕ ಬರೆಯುತ್ತ ಕೂತಿರಬಹುದು. ಮೇಲಾಗಿ, ಒಳ್ಳೆಯ ಶೂಟರ್ ಆದವರು ಒಮ್ಮೆ ಕೀಪರ್ ಆದರೆ, ಎಸೆಯುವವರ ಯಾವ ಚಲನೆ ತಡೆಯುವವರನ್ನು ಕಂಗೆಡಿಸುತ್ತದೆ ಎಂಬುದನ್ನು ಎದುರು ಬದಿಯಿಂದ ಕಂಡು ಬರುತ್ತಾರೆ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರವಿದ್ದ ಹುಡುಗಿಯೊಬ್ಬಳು ಕೀಪರ್ ಆಗಿದ್ದಾಗ, ಎದುರು ತಂಡದ ಕುಳ್ಳಗಿನ ಶೂಟರ್ ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ಜಿಗಿದು ಮೂರು ಬಾರಿ ಅವಳಿಂದ ತಪ್ಪಿಸಿಕೊಂಡಳು. ಮುಂದಿನ ವಾರ ಅಟ್ಯಾಕ್ ಬಿಬ್ ತೊಟ್ಟಾಗ ಈ ಹುಡುಗಿ ಮಾಡಿದ್ದು ಅದನ್ನೇ. ಅಲ್ಲಿಯವರೆಗೆ ಅವಳು ಎತ್ತರವನ್ನೇ ನಂಬಿ ನಿಂತಲ್ಲೇ ಕೈ ಎತ್ತುತ್ತಿದ್ದಳು.

ಹೊರಗಿನ ಕೆಲಸ

ಹೊರಗಿರುವ ಮಕ್ಕಳ ಕೆಲಸ ನಿಜವಾದ ಕೆಲಸವಾಗಿರಬೇಕು. ಸ್ಟಾಪ್‌ವಾಚ್ ಮಗುವಿನ ಕೈಗೆ ಕೊಟ್ಟು ನೀವು ನಿಮ್ಮ ಫೋನಿನಲ್ಲಿ ಸಮಯ ನೋಡುತ್ತಿದ್ದರೆ ಅದು ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಸಮಯ ನೋಡುವವರು ಕೊನೆಯ ನಿಮಿಷವನ್ನು ಗಟ್ಟಿಯಾಗಿ ಕೂಗಲಿ. ಅಂಕ ಬರೆಯುವವರು ಎದುರು ತಂಡದ ಅಂಕಗಾರರ ಪಕ್ಕದಲ್ಲೇ ಕುಳಿತು ಪ್ರತಿ ಗೋಲಿಗೂ ಇಬ್ಬರ ಲೆಕ್ಕ ತಾಳೆ ನೋಡಲಿ. ಆರಂಭದ ಎಸೆತದ ಸರದಿ ನೋಡುವ ಮಗು ಕೈಯಲ್ಲಿ ಬಾಣದ ಗುರುತಿನ ರಟ್ಟನ್ನು ಹಿಡಿದು, ಪ್ರತಿ ಬಾರಿ ಅದನ್ನು ತಿರುಗಿಸಿದರೆ ಅಂಪೈರ್ ಕೂಡ ಅದನ್ನೇ ನೋಡಿ ಚೆಂಡು ಕೊಡಬಹುದು. ಎಂಟು ಮಕ್ಕಳ ತಂಡದಲ್ಲಿ ಮೂರನೆಯ ಕೆಲಸ ಇದು, ಏಳೇ ಮಕ್ಕಳಿದ್ದರೆ ಅಂಕ ಬರೆಯುವವರೇ ಇದನ್ನೂ ನೋಡಿಕೊಳ್ಳಬೇಕು. ಒಂಬತ್ತನೆಯ ಮಗು ಗೆರೆಯಾಚೆ ಹೋದ ಚೆಂಡನ್ನು ತಂದುಕೊಡಬಹುದು.

ಊರಿನ ಮೈದಾನದಲ್ಲಿ

ಬೇಸಿಗೆ ರಜೆಗೆ ಊರಿಗೆ ಬಂದಾಗ ಈ ಆಟವನ್ನು ಕರ್ನಾಟಕದ ಶಾಲಾ ಮೈದಾನದಲ್ಲಿ ಆಡಿಸಿ ನೋಡಿದೆ. ಬ್ಯಾಸ್ಕೆಟ್‌ಬಾಲ್ ಅಂಕಣವಿದ್ದರೆ ಕೆಲಸ ಸುಲಭ. ಅದು 28 ಮೀಟರ್ ಉದ್ದ, 15 ಮೀಟರ್ ಅಗಲ ಇರುವುದರಿಂದ ಸುಣ್ಣದಲ್ಲಿ ಎರಡು ಅಡ್ಡಗೆರೆ, ಎರಡು ಅರ್ಧವೃತ್ತ ಎಳೆದರೆ ಹೆಚ್ಚೂಕಡಿಮೆ ನೆಟ್‌ಬಾಲ್ ಅಂಕಣವೇ ಆಗುತ್ತದೆ. ಬಳೆ ಮಾತ್ರ ಅಲ್ಲಿನದ್ದು ಬೇಡ, ಅದು 3.05 ಮೀಟರ್ ಎತ್ತರದಲ್ಲಿರುತ್ತದೆ, ಹಲಗೆಯೂ ಇರುತ್ತದೆ. 38 ಸೆಂಟಿಮೀಟರ್ ವ್ಯಾಸದ ಕಬ್ಬಿಣದ ಬಳೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಒಂಬತ್ತು ಅಡಿ ಎತ್ತರದ ಪೈಪಿನ ತುದಿಗೆ ಕೂಡಿಸಿ, ಬುಡವನ್ನು ಸಿಮೆಂಟ್ ತುಂಬಿದ ಹಳೆಯ ಟೈರಿನಲ್ಲಿ ನಿಲ್ಲಿಸಿದೆವು. ಪೈಪಿಗೆ ಸ್ಪಂಜು ಸುತ್ತುವುದನ್ನು ಮರೆಯಬೇಡಿ, ಮಕ್ಕಳು ಚೆಂಡನ್ನು ನೋಡುತ್ತಾರೆಯೇ ಹೊರತು ಕಂಬವನ್ನಲ್ಲ.

ನಮ್ಮ ಮಕ್ಕಳು ಈ ಆಟಕ್ಕೆ ಬರಿಗೈಯಲ್ಲಿ ಬರುವುದಿಲ್ಲ. ಥ್ರೋಬಾಲ್ ಆಡಿದವರಿಗೆ ಚೆಂಡು ಹಿಡಿದ ಮೂರು ಸೆಕೆಂಡಿನೊಳಗೆ ಎಸೆಯುವ ಅಭ್ಯಾಸ ಆಗಲೇ ಇದೆ. ಆದರೆ ಅವರು ಚೆಂಡನ್ನು ಎದುರಾಳಿ ಇಲ್ಲದ ಜಾಗ ನೋಡಿ ಎಸೆಯುತ್ತಾರೆ, ತಮ್ಮವರ ಕೈ ನೋಡಿ ಎಸೆಯುವುದನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ಬ್ಯಾಸ್ಕೆಟ್‌ಬಾಲ್ ಆಡಿದ ಮಕ್ಕಳದು ಬೇರೆ ಪಾಡು. ಚೆಂಡು ಸಿಕ್ಕಿದ್ದೇ ತಡ, ಕೈ ತಾನಾಗಿ ಅದನ್ನು ನೆಲಕ್ಕೆ ಪುಟಿಸಿಬಿಡುತ್ತದೆ. ಅಂಥವರನ್ನು ಮೊದಲ ಪಂದ್ಯದಲ್ಲಿ ಸೆಂಟರ್‌ನಿಂದ ಆರಂಭಿಸಬೇಡಿ. ಓಡಲು ಹೆಚ್ಚು ಜಾಗವಿರುವ ಸ್ಥಾನದಲ್ಲಿ ಆ ಹಳೆಯ ಅಭ್ಯಾಸ ಇನ್ನೂ ಜೋರಾಗಿ ಮರಳುತ್ತದೆ, ಕೀಪರ್ ಸ್ಥಾನದಿಂದ ಅವರನ್ನು ಚಕ್ರಕ್ಕೆ ಸೇರಿಸಿದರೆ ನಿಂತು ನೋಡುವುದನ್ನು ಮೊದಲು ಕಲಿಯುತ್ತಾರೆ.

ಕೊನೆಯದಾಗಿ, ಪಂದ್ಯದ ನಡುವೆ ಯಾರಿಗಾದರೂ ಪೆಟ್ಟಾದರೆ ಏನು ಮಾಡಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಆ ಹೊತ್ತಿಗೆ ಹೊರಗಿರುವ ಮಗು ಒಳಗೆ ಬರಲಿ, ಪೆಟ್ಟಾದ ಮಗುವಿಗೆ ಆದೀತೆನಿಸಿದರೆ ಸ್ಟಾಪ್‌ವಾಚ್ ಹಿಡಿದು ಕೂರಲಿ, ಇಬ್ಬರೂ ಚಕ್ರದಲ್ಲಿ ಮನೆ ಅದಲುಬದಲು ಮಾಡಿಕೊಂಡರೆಂದು ಪುಸ್ತಕದಲ್ಲಿ ಬರೆದಿಡಿ. ಆರೇ ಮಕ್ಕಳು ಬಂದ ದಿನ ಚಕ್ರದಿಂದ ‘ಅಂಕ’ದ ಮನೆಯನ್ನು ತೆಗೆದು ಆ ಕೆಲಸವನ್ನು ನೀವೇ ಮಾಡಿ. ಆಗ ಇಬ್ಬರು ನಾಲ್ಕೂ ಅವಧಿ ಆಡುತ್ತಾರೆ, ಉಳಿದ ನಾಲ್ವರು ಮೂರು ಮೂರು. ಆ ಇಬ್ಬರ ಹೆಸರಿನ ಕೆಳಗೆ ಗೆರೆ ಎಳೆದಿಟ್ಟರೆ ಮುಂದಿನ ವಾರ ಸ್ಟಾಪ್‌ವಾಚನ್ನೂ ಅಂಕಪುಸ್ತಕವನ್ನೂ ಮೊದಲು ಯಾರ ಕೈಗೆ ಕೊಡಬೇಕೆಂದು ಹುಡುಕಬೇಕಾಗಿಲ್ಲ.